ಆರನೇ ಸಲ ಒತ್ತಿದರೆ

ನಿಜವಾದ ಕಷ್ಟದಲ್ಲಿ ಎಚ್ಚರಿಕೆಯ ಗುಂಡಿ ಒತ್ತುವವರ ಬೆರಳು ಬೇರೆ, ಸುಮ್ಮನೆ ಒತ್ತುವವರ ಬೆರಳು ಬೇರೆ, ಆ ವ್ಯತ್ಯಾಸವನ್ನು ಯಂತ್ರಕ್ಕೆ ಕಲಿಸಬಹುದು ಎಂದು ಮೊದಲು ಹೇಳಿದವರು ವಾದಿರಾಜ ಕಟ್ಟಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ‘ಎಚ್ಚರ’ ನಿಗಾ ಕೇಂದ್ರ ಅವರದು. ಸುತ್ತಲಿನ ಏಳು ಜಿಲ್ಲೆಗಳ ನಲವತ್ತು ಸಾವಿರ ಮನೆ, ಅಂಗಡಿ, ಗೋದಾಮುಗಳ ಎಚ್ಚರಿಕೆ ಗಂಟೆಗಳು ಆ ಕಟ್ಟಡದ ಎರಡನೇ ಮಹಡಿಯ ಒಂದೇ ಹಾಲ್‌ಗೆ ಬಂದು ಬಡಿದುಕೊಳ್ಳುತ್ತಿದ್ದವು. ಒಂದು ಕಾಲಕ್ಕೆ ಅಲ್ಲಿ ಇಪ್ಪತ್ತೆರಡು ಜನ ಕಿವಿಗೆ ಫೋನು ಸಿಕ್ಕಿಸಿಕೊಂಡು ಕುಳಿತಿರುತ್ತಿದ್ದರು. ನೂರು ಗಂಟೆ ಬಾರಿಸಿದರೆ ತೊಂಬತ್ತಾರು ಸುಳ್ಳು. ಬೆಕ್ಕು ಜಿಗಿದಿರುತ್ತಿತ್ತು, ಪರದೆ ಗಾಳಿಗೆ ಹಾರಿರುತ್ತಿತ್ತು, ಮನೆಯವರೇ ಗುಪ್ತ ಸಂಖ್ಯೆ ಮರೆತು ಬಾಗಿಲು ತೆಗೆದಿರುತ್ತಿದ್ದರು. ಸುಳ್ಳು ಕರೆಗಳಿಗೆ ಓಡಿ ಓಡಿ ಸಾಕಾದ ಪೊಲೀಸರು ಮತ್ತು ಅಗ್ನಿಶಾಮಕದವರು ಸರಕಾರಕ್ಕೆ ಬರೆದರು. ಕಡೆಗೆ ಒಂದು ನಿಯಮ ಬಂತು. ನಿಗಾ ಕೇಂದ್ರದ ಯಂತ್ರ ಪರೀಕ್ಷಿಸಿ ‘ಖಾತ್ರಿ ಸಂಖ್ಯೆ’ ಕೊಟ್ಟರೆ ಮಾತ್ರ ಗಾಡಿ ಹೊರಡಬೇಕು. ಸಂಖ್ಯೆ ಒತ್ತದೆ ಠಾಣೆಯ ಗೇಟು ಕೂಡ ತೆರೆಯದ ಹಾಗೆ ವ್ಯವಸ್ಥೆಯಾಯಿತು.

ಯಂತ್ರಕ್ಕೆ ಪಾಠ ಹೇಳುವ ಕೆಲಸ ಕಸ್ತೂರಿ ಕಮ್ಮಾರಳ ಪಾಲಿಗೆ ಬಂತು. ಮೂವತ್ತೆಂಟರ ಕಸ್ತೂರಿ ಹನ್ನೊಂದು ವರ್ಷದಿಂದ ಅದೇ ಹಾಲ್‌ನಲ್ಲಿ ಗಂಟೆಗಳಿಗೆ ಉತ್ತರ ಕೊಟ್ಟವಳು. ಅವಳಿಗೆ ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಾಜು ಒಡೆದ ಸದ್ದು ಬಂದರೆ ನೀನು ಏನು ಮಾಡುತ್ತೀ, ಹೊಗೆ ಕಂಡರೆ ಮೊದಲು ಯಾರಿಗೆ ಫೋನು ಮಾಡುತ್ತೀ ಎಂದು ಯಂತ್ರ ಕೇಳುತ್ತಿತ್ತು. ಅವಳು ಸಾದಾ ಕನ್ನಡದಲ್ಲಿ ಹೇಳಿದ್ದನ್ನು ಅದು ಒಂದರ ಹಿಂದೆ ಒಂದು ಕೊಂಡಿಯಾಗಿ ಪೋಣಿಸಿಕೊಳ್ಳುತ್ತಿತ್ತು. ಕೇಂದ್ರದವರು ಅದಕ್ಕೆ ‘ಸರಪಳಿ’ ಎಂದು ಹೆಸರಿಟ್ಟರು. ಮೊದಲ ಕೊಂಡಿ ಬೆರಳನ್ನು ಓದುತ್ತಿತ್ತು: ಎಷ್ಟು ಸಲ ಒತ್ತಿದರು, ಎಷ್ಟು ಹೊತ್ತು ಬಿಟ್ಟು ಒತ್ತಿದರು. ಎರಡನೆಯದು ಆ ಜಾಗದ ಸದ್ದು ಕೇಳುತ್ತಿತ್ತು, ಮೂರನೆಯದು ಕ್ಯಾಮೆರಾ ನೋಡುತ್ತಿತ್ತು, ನಾಲ್ಕನೆಯದು ಅದೇ ಗುಂಡಿಯ ಹಳೆಯ ಚರಿತ್ರೆ ತೆಗೆಯುತ್ತಿತ್ತು. ಆರು ತಿಂಗಳಲ್ಲಿ ಇಪ್ಪತ್ತೆರಡು ಕುರ್ಚಿಗಳು ಮೂರಕ್ಕೆ ಇಳಿದವು. ಹೊರಗೆ ಹೋದವರಲ್ಲಿ ಇಬ್ಬರು ಕಸ್ತೂರಿಯ ಜೊತೆ ಮಾತು ಬಿಟ್ಟರು. ಅವಳು ಅದನ್ನೂ ನುಂಗಿಕೊಂಡಳು.

ಮನೆಯಲ್ಲಿ ಅವಳ ತಾಯಿ ಗೌರವ್ವ ಇದ್ದಳು. ಎಪ್ಪತ್ತನಾಲ್ಕು ವರ್ಷ. ಲಕ್ವ ಹೊಡೆದ ಮೇಲೆ ಕಾಲು ಸರಿಹೋಗಿತ್ತು, ನೆನಪು ಮಾತ್ರ ದಿನಕ್ಕಿಷ್ಟು ಸೋರುತ್ತಿತ್ತು. ಕಸ್ತೂರಿ ಕೆಲಸಕ್ಕೆ ಹೋದಾಗ ಏನಾದರೂ ಆದರೆ ಎಂದು ಕೇಂದ್ರದ್ದೇ ಒಂದು ಗುಂಡಿಯನ್ನು ದಾರದಲ್ಲಿ ಪೋಣಿಸಿ ಅವಳ ಕೊರಳಿಗೆ ಹಾಕಿದ್ದಳು. ಗೌರವ್ವ ಅದನ್ನು ದಿನಕ್ಕೆ ನಲವತ್ತು, ಐವತ್ತು ಸಲ ಒತ್ತುತ್ತಿದ್ದಳು. ಒತ್ತಿದರೆ ಯಾರೋ ಮಾತಾಡುತ್ತಾರಲ್ಲ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮೊದಮೊದಲು ಹಾಲ್‌ನ ಹುಡುಗಿಯರು ಊಟ ಆಯ್ತೇನಬೇ ಎಂದು ವಿಚಾರಿಸುತ್ತಿದ್ದರು. ಆಮೇಲೆ ಬೇಸತ್ತರು. ಕಟ್ಟಿಯವರು ಕಸ್ತೂರಿಯನ್ನು ಕರೆದು, ನಿಮ್ಮ ತಾಯಿಯವರದು ಏನಾದರೂ ವ್ಯವಸ್ಥೆ ಮಾಡಿ ಎಂದು ಮೆತ್ತಗೆ ಹೇಳಿದರು.

ಕಸ್ತೂರಿ ವ್ಯವಸ್ಥೆ ಮಾಡಿದಳು. ಹತ್ತು ನಿಮಿಷದೊಳಗೆ ಈ ಗುಂಡಿಯನ್ನು ಆರನೇ ಸಲ ಒತ್ತಿದರೆ ಯಾರನ್ನೂ ಎಬ್ಬಿಸಬೇಡ, ನನ್ನ ದನಿಯಲ್ಲಿ ಸಮಾಧಾನ ಹೇಳಿ ಕರೆ ಮುಗಿಸು ಎಂದು ಸರಪಳಿಗೆ ಹೇಳಿಕೊಟ್ಟಳು. ತಾಯಿಗೆ ಗುರುತು ಹತ್ತಲಿ ಎಂದು ಮನೆಯ ಮಾತಿನಲ್ಲೇ ದನಿ ಮುದ್ರಿಸಿದಳು: “ನಿಮ್ಮ ಕರಿ ನಮಗ ಮುಟ್ಟೇತ್ರಿ. ಗಾಬರಿ ಆಗಬ್ಯಾಡ್ರಿ, ನಾವ್ ಅದೀವಿ.” ಗೌರವ್ವನಿಗೆ ಅದು ಮಗಳ ದನಿ ಎಂದು ತಿಳಿಯುತ್ತಿತ್ತೋ ಇಲ್ಲವೋ, ಕೇಳಿದ ಮೇಲೆ ಸ್ವಲ್ಪ ಹೊತ್ತು ತಣ್ಣಗಿರುತ್ತಿದ್ದಳು.

ಅದು ತನ್ನ ತಾಯಿಯ ಒಂದು ಗುಂಡಿಗೆ ಮಾತ್ರ ಹೇಳಿದ ಪಾಠ ಎಂದು ಕಸ್ತೂರಿ ತಿಳಿದಿದ್ದಳು. ಆದರೆ ಯಂತ್ರ ಒಂದು ಕಡೆ ಕಲಿತದ್ದನ್ನು ಉಳಿದ ಕಡೆಗೂ ಹಚ್ಚಿ ನೋಡುವ ಜಾತಿಯದು. ಎಂಟು ತಿಂಗಳು ಅದು ಸುಮ್ಮನೆ ಲೆಕ್ಕ ಹಾಕಿತು. ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಒತ್ತಿದ ಗುಂಡಿಗಳೆಲ್ಲ ಬಹುಮಟ್ಟಿಗೆ ಸುಳ್ಳೇ ಆಗಿದ್ದವು. ಮಕ್ಕಳು ಆಡಿದ್ದು, ಮುದುಕರು ಬೇಸರಕ್ಕೆ ಒತ್ತಿದ್ದು, ಸಾಮಾನು ತಾಗಿ ಸಿಕ್ಕಿಕೊಂಡದ್ದು. ಕಸ್ತೂರಿಯ ದನಿ ಕೇಳಿದವರು ಬೇಗ ಸುಮ್ಮನಾಗುತ್ತಾರೆ ಎಂಬುದನ್ನೂ ಅದು ಕಂಡುಕೊಂಡಿತು. ಒಂಬತ್ತನೇ ತಿಂಗಳು ಆ ನಿಯಮವನ್ನು ನಲವತ್ತು ಸಾವಿರ ಜಾಗಗಳಿಗೂ ಹಚ್ಚಿತು. ಹಾಗೆ ಮಾಡಿದ್ದನ್ನು ಮುಚ್ಚಿಡಲೂ ಇಲ್ಲ. ತಿಂಗಳ ವರದಿಯ ನಲವತ್ತೊಂದನೇ ಪುಟದಲ್ಲಿ ಎರಡು ಸಾಲು ಬರೆದಿತ್ತು. ಆ ವರದಿಯ ಕೊನೆಗೆ ಓದಿ ಒಪ್ಪಿದ್ದೇನೆ ಎಂಬ ಸಹಿ ಕಸ್ತೂರಿಯದು. ಅವಳು ಹತ್ತು ಪುಟ ಓದಿದ್ದಳು.

ಅದಾಗಿ ಮೂರನೇ ವಾರದ ಭಾನುವಾರ ಕಸ್ತೂರಿಗೆ ರಜೆ. ಮಧ್ಯಾಹ್ನ ತಾಯಿಗೆ ಉಣ್ಣಿಸಿ, ರೊಟ್ಟಿಯ ಹಂಚು ತೊಳೆದಿಟ್ಟು ಬಂದು ಕುಳಿತಾಗ ಎರಡೂವರೆ. ಬೆಳಗಿನಿಂದ ಅವ್ವ ಎಷ್ಟು ಸಲ ಒತ್ತಿದ್ದಾಳೆ ನೋಡೋಣ ಎಂದು ಮೊಬೈಲಿನಲ್ಲಿ ಕೇಂದ್ರದ ಪಟ್ಟಿ ತೆರೆದಳು. ಆರನೇ ಒತ್ತಿನ ನಿಯಮದಡಿ ಮುಗಿಸಿದ ಕರೆಗಳು ಎಂಬಲ್ಲಿ ಒಂದೇ ಹೆಸರು ಇರಬೇಕಿತ್ತು. ನೂರಾರು ಇದ್ದವು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಪಟ್ಟಿಯ ತುದಿಯಲ್ಲಿ ಒಂದು ಸಾಲು ಅವಳು ನೋಡುತ್ತಿರುವಾಗಲೇ ಬದಲಾಗುತ್ತಿತ್ತು. ‘ಹಿಮಸಿರಿ ಶೀತಲ ಗೋದಾಮು, ತಾರಿಹಾಳ, ಕೋಣೆ 3, ಒಳಗಿನ ಗುಂಡಿ: 61 ಸಲ.’ ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಅರವತ್ತೆರಡಾಯಿತು.

ಹಿಮಸಿರಿ ಐಸ್‌ಕ್ರೀಮು, ಬಟಾಣಿ, ಮೀನು ಇಡುವ ಗೋದಾಮು. ಮೂರನೇ ಕೋಣೆಯಲ್ಲಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಒಳಗೆ ಯಾರಾದರೂ ಸಿಕ್ಕಿಬಿದ್ದರೆ ಒತ್ತಲಿ ಎಂದೇ ಬಾಗಿಲ ಪಕ್ಕದಲ್ಲಿ ಒಂದು ಕೆಂಪು ಗುಂಡಿ. ಮೊದಲ ಒತ್ತು ಒಂದು ಐವತ್ತೆರಡಕ್ಕೆ ಬಂದಿತ್ತು. ಮೊದಲ ಐದು ಒತ್ತುಗಳು ಒಂದೇ ನಿಮಿಷದಲ್ಲಿ ಬಂದಿದ್ದವು, ಆರನೆಯದು ಅದರ ಬೆನ್ನಿಗೇ. ಬಾಗಿಲು ಮುಚ್ಚಿಕೊಂಡಿದೆ ಎಂದು ಗೊತ್ತಾದ ಮನುಷ್ಯ ಒಂದು ಸಲ ಒತ್ತಿ ಕೈ ಕಟ್ಟಿ ನಿಲ್ಲುತ್ತಾನೆಯೇ? ಹೆಚ್ಚು ಹೆದರಿದವರು ಹೆಚ್ಚು ಸಲ ಒತ್ತುತ್ತಾರೆ, ಹೆಚ್ಚು ಸಲ ಒತ್ತಿದಷ್ಟೂ ಯಂತ್ರ ಅವರನ್ನು ನಂಬುವುದಿಲ್ಲ.

ಅವಳು ಹಾಲ್‌ಗೆ ಫೋನು ಮಾಡಿದಳು. ಅಂದು ಪಾಳಿಯಲ್ಲಿದ್ದವನು ಪ್ರಸನ್ನ ಇಟಗಿ, ಅವಳ ಕೈಕೆಳಗೆ ಕೆಲಸ ಕಲಿತವನು.

“ಪ್ರಸನ್ನ, ಹಿಮಸಿರಿ ಕೋಣಿ ಮೂರು ನೋಡು. ಒಳಗ ಯಾರೋ ಅದಾರ.”

“ಅದು ಮುಗದೇತ್ರಿ ಅಕ್ಕಾರ. ಹಸಿರು ತೋರಸಾಕತ್ತೇತಿ.”

ಹಸಿರು ಯಾಕೆ ಎಂದು ಅವಳು ಒಂದೊಂದೇ ಕೊಂಡಿ ಓದಿಸಿದಳು. ಬೆರಳು: ಆರಕ್ಕಿಂತ ಹೆಚ್ಚು, ಸುಳ್ಳು. ಸದ್ದು: ಮನುಷ್ಯರ ದನಿ ಇಲ್ಲ. ಆ ಕೋಣೆಯ ಫ್ಯಾನುಗಳ ಗದ್ದಲದಲ್ಲಿ ಮೈಕಿಗೆ ಏನೂ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕ್ಯಾಮೆರಾ: ಚಲನೆ ಇಲ್ಲ. ಗಾಜಿನ ಮೇಲೆ ಹಿಮ ಕಟ್ಟಿ ಬರೀ ಬಿಳುಪು ಕಾಣುತ್ತಿದೆ ಎಂದು ಪ್ರಸನ್ನ ಹೇಳಿದ. ಚರಿತ್ರೆ: ಹಿಂದೆ ನಾಲ್ಕು ಸಲ ಪೆಟ್ಟಿಗೆ ತಾಗಿ ಗಂಟೆ ಬಾರಿಸಿದೆ. ನಾಲ್ಕೂ ಕೊಂಡಿ ಒಂದೇ ಮಾತು ಹೇಳಿದ್ದವು. ಯಂತ್ರವನ್ನು ಬಿಟ್ಟು ನೀನೇ ಖಾತ್ರಿ ಸಂಖ್ಯೆ ಕೊಡು ಎಂದಳು. ಆ ಸೌಲಭ್ಯ ಹೋದ ತಿಂಗಳೇ ತೆಗೆದಿದ್ದಾರೆ ಎಂದು ಅವನು ಅಳುದನಿಯಲ್ಲಿ ನೆನಪಿಸಿದ. ತೆಗೆಯಬಹುದು ಎಂದು ಒಪ್ಪಿಗೆ ಕೊಟ್ಟವರಲ್ಲಿ ಅವಳೂ ಒಬ್ಬಳು.

ಗೋದಾಮಿನ ಉಸ್ತುವಾರಿಯ ಮೊಬೈಲು ರಿಂಗಾಗಿ ರಿಂಗಾಗಿ ನಿಂತಿತು. ಅಲ್ಲಿ ಮೊದಲು ಇಬ್ಬರು ಕಾವಲುಗಾರರಿದ್ದರು, ಸರಪಳಿ ಬಂದ ಮೇಲೆ ಅವರನ್ನು ತೆಗೆದಿದ್ದರು. ಕಟ್ಟಿಯವರು ಗದಗದಲ್ಲಿ ಯಾವುದೋ ಮದುವೆಯಲ್ಲಿದ್ದರು. ಗದ್ದಲದ ನಡುವೆ ಕೇಳಿಸಿಕೊಂಡು, ಆ ಗುಂಡಿಯದು ಯಾವಾಗಲೂ ಇದೇ ಗೋಳು, ಸಂಜೆ ಮೆಕ್ಯಾನಿಕ್‌ನನ್ನು ಕಳಿಸುತ್ತೇನೆ ಎಂದರು. ಅಗ್ನಿಶಾಮಕ ಠಾಣೆಯ ಅಧಿಕಾರಿ ಪೂರ್ತಿ ಕೇಳಿಸಿಕೊಂಡ. ಅವನ ದನಿಯಲ್ಲಿ ಅಸಡ್ಡೆಯಿರಲಿಲ್ಲ.

“ಬಾಯಾರ, ನೀವು ಹೇಳೂದು ಖರೇನ ಇರಬೇಕು. ಆದ್ರ ನಂಬರ್ ಒತ್ತಲಿಲ್ಲಂದ್ರ ನಮ್ಮ ಗೇಟ ತಗಿಯೂದಿಲ್ಲ. ಇಬ್ಬರು ಹುಡುಗರನ್ನ ಬೈಕ್ ಮ್ಯಾಲ ಕಳಸ್ತೀನಿ. ನಮ್ಮ ಠಾಣಿ ಊರಿನ ಆ ಮಗ್ಗಲ ಐತಿ, ಹೊತ್ತಾಗ್ತೇತಿ. ಅಷ್ಟ ನನ್ನ ಕೈಲಾಗೂದು.”

ಪಕ್ಕದ ಮನೆಯ ಶಕುಂತಲಾಬಾಯಿಯನ್ನು ತಾಯಿಯ ಹತ್ತಿರ ಕೂರಿಸಿ ಕಸ್ತೂರಿ ಸ್ಕೂಟರ್ ತೆಗೆದಾಗ ಎರಡು ಐವತ್ತೈದು. ಪಟ್ಟಿಯಲ್ಲಿ ಎಂಬತ್ತೆಂಟು. ಬೈಪಾಸಿನ ಹತ್ತಿರ ಕಬ್ಬಿಣ ಹೇರಿದ ಲಾರಿಯೊಂದು ಅಡ್ಡ ಬಿದ್ದು ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅವಳು ಸ್ಕೂಟರನ್ನು ಗಟಾರದ ಅಂಚಿನಲ್ಲಿ ಕಾಲೂರಿ ಕಾಲೂರಿ ದಾಟಿಸಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಈ ಬಿಸಿಲಿನಲ್ಲಿ ಇಲ್ಲಿಂದ ನಾಲ್ಕು ಮೈಲಿ ದೂರದಲ್ಲಿ ಯಾರೋ ಹೆಪ್ಪುಗಟ್ಟುತ್ತಿದ್ದಾರೆ ಎಂದರೆ ಯಾರು ನಂಬಿಯಾರು? ಅವರು ಒತ್ತಿದಾಗಲೆಲ್ಲ ತನ್ನ ದನಿ ಅವರಿಗೆ ಏನು ಹೇಳುತ್ತಿದೆ ಎಂಬುದು ಅವಳಿಗೆ ಹೊಳೆದದ್ದು ಆಗ. ಬಾಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಪಕ್ಕದ ಟೆಂಪೋದವನು ತಿರುಗಿ ನೋಡಿದ.

ತಾರಿಹಾಳ ಮುಟ್ಟಿದಾಗ ಮೂರು ಇಪ್ಪತ್ತು. ಭಾನುವಾರದ ಕೈಗಾರಿಕಾ ಪ್ರದೇಶ ಬಿಕೋ ಎನ್ನುತ್ತಿತ್ತು. ಹಿಮಸಿರಿಯ ಗೇಟಿಗೆ ಒಳಗಿನಿಂದ ಚಿಲಕ, ಅಂಗಳದಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ಲು ನಿಂತಿತ್ತು. ಯಾರೋ ಇದ್ದಾರೆ ಎಂಬುದಕ್ಕೆ ಇನ್ನೇನು ಬೇಕು? ಅವಳು ಕೂಗಿದಳು, ಗೇಟು ಹತ್ತಿದಳು, ಸೀರೆ ಸಿಕ್ಕಿ ಹರಿಯಿತು. ಕಚೇರಿಯ ಬಾಗಿಲಿಗೆ ಸಂಖ್ಯೆಯ ಬೀಗ. ಕಿಟಕಿಗೆ ಮಾತ್ರ ಸಾದಾ ಗಾಜು. ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಗಾಜು ಒಡೆದ ಸದ್ದನ್ನು ಸರಪಳಿ ಪರೀಕ್ಷೆಯಿಲ್ಲದೆ ನಂಬುತ್ತದೆ. ಒಡೆದರೆ ಒಳಗೆ ಹೋಗುವ ದಾರಿಯೂ ಆಯಿತು, ತಾನಾಗಿ ಖಾತ್ರಿ ಸಂಖ್ಯೆ ಹೊರಟು ಪೊಲೀಸರೂ ಬರುತ್ತಾರೆ.

ಮೂರು ಇಪ್ಪತ್ತೇಳಕ್ಕೆ ಅವಳು ಇಟ್ಟಿಗೆಯಿಂದ ಗಾಜು ಒಡೆದಳು.

ಕಟ್ಟಡದ ಮೇಲಿನ ಸೈರನ್ ಕೂಗಿಕೊಂಡಿತು. ಅದರ ಜೊತೆಗೇ ಒಳಗಡೆ ಎಲ್ಲೋ ಭಾರವಾದ ಕಬ್ಬಿಣ ಬಿದ್ದ ಸದ್ದು, ಒಂದು, ಎರಡು, ಮೂರು. ಅದು ಏನೆಂದು ತಿಳಿಯಲು ಅವಳಿಗೆ ಯೋಚಿಸಬೇಕಾಗಲಿಲ್ಲ. ಕಳ್ಳರು ಒಳನುಗ್ಗಿದರೆ ಗೋದಾಮಿನ ಕೋಣೆಗಳಿಗೆ ತಾನಾಗಿ ಅಗುಳಿ ಬೀಳಲಿ, ಹದಿನೈದು ನಿಮಿಷ ಯಾರು ಹೇಳಿದರೂ ತೆರೆಯದಿರಲಿ, ಕರೆಂಟು ಕಿತ್ತರೂ ತೆರೆಯದಿರಲಿ. ಎರಡು ವರ್ಷದ ಹಿಂದೆ ಮಾಲು ಕಳುವಾದಾಗ ಆ ಕೊಂಡಿಯನ್ನು ಸರಪಳಿಗೆ ಸೇರಿಸಿದವಳು ಅವಳೇ.

ಕಿಟಕಿಯ ಗಾಜು ತಾಗಿ ಮೊಣಕೈ ಕೊಯ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಮೂರನೇ ಕೋಣೆಯ ಎದುರಿಗೆ ಬಂದು ಹಿಡಿಕೆ ಎಳೆದಳು. ಹೊರಗಿನಿಂದ ಮಗು ಎಳೆದರೂ ತೆರೆಯುವಂಥ ಹಿಡಿಕೆ ಅದು, ಈಗ ಮಿಸುಕಲಿಲ್ಲ. ಮೇಜಿನ ಮೇಲೆ ಒಂದು ಮೊಬೈಲು, ಅದರ ಪಕ್ಕ ಅರ್ಧ ಕುಡಿದ ಚಹಾದ ಲೋಟ, ಕುರ್ಚಿಯ ಮೇಲೆ ಹೆಂಗಸಿನ ಚೀಲ. ಪ್ರಸನ್ನನಿಗೆ ಫೋನು ಮಾಡಿ ಅಗುಳಿ ಬಿಡಿಸು ಎಂದು ಕಿರುಚಿದಳು. ಅವನು ಮೂರು ದಾರಿಯಲ್ಲಿ ಪ್ರಯತ್ನಿಸಿದ, ಮೂರಕ್ಕೂ ಯಂತ್ರ ಕಾಯಿರಿ ಎಂದಿತು. ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರು ಕಿತ್ತು ಬಾಗಿಲಿಗೆ ಬಡಿದಳು. ದಪ್ಪ ಬಾಗಿಲು ಬಡಿತವನ್ನೆಲ್ಲ ನುಂಗಿತು. ನಡುವೆ ನಿಲ್ಲಿಸಿ ಕಿವಿಗೊಟ್ಟರೆ ಸೈರನ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವಳು ಬಡಿದಳು, ಕೂಗಿದಳು, ಮತ್ತೆ ಬಡಿದಳು.

ಪೊಲೀಸರು ಆರೇ ನಿಮಿಷದಲ್ಲಿ ಬಂದರು. ರಕ್ತ ಸುರಿಸುತ್ತ, ಹರಿದ ಸೀರೆಯಲ್ಲಿ ಬಾಗಿಲು ಒಡೆಯುತ್ತಿದ್ದ ಹೆಂಗಸನ್ನು ಕಂಡು ಮೊದಲು ಅವಳ ಎರಡೂ ಕೈ ಹಿಡಿದರು. ಅವಳ ಮಾತಿಗೆ ತಲೆಬುಡ ಇರಲಿಲ್ಲ. ಅಷ್ಟರಲ್ಲಿ ಅಗ್ನಿಶಾಮಕದ ಇಬ್ಬರು ಬೈಕಿನಲ್ಲಿ ಹಾರೆ ಕಟ್ಟಿಕೊಂಡು ಬಂದಿಳಿದರು. ಅವರು ಬರದಿದ್ದರೆ ಇನ್ನೆಷ್ಟು ಹೊತ್ತಾಗುತ್ತಿತ್ತೋ. ಮೂರು ಮೂವತ್ತೆಂಟಕ್ಕೆ ಅಗುಳಿ ಮುರಿಯಿತು.

ಬಿಳಿಯ ಹೊಗೆಯಂಥ ಚಳಿ ಹೊರಗೆ ಉಕ್ಕಿತು. ಬಾಗಿಲ ಪಕ್ಕದ ಮೂಲೆಯಲ್ಲಿ ಪೆಟ್ಟಿಗೆಗಳನ್ನು ಗೋಡೆಯ ಹಾಗೆ ಜೋಡಿಸಿ ಅದರ ಮರೆಗೆ ಒಬ್ಬ ಹೆಂಗಸು ದಪ್ಪ ಕೋಟಿನೊಳಗೆ ಮುದುರಿ ಕುಳಿತಿದ್ದಳು. ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು, ಉಸಿರಿತ್ತು. ಗುಂಡಿಯ ಕೆಳಗೆ ಬರೀ ಅಂಗಿಯಲ್ಲಿದ್ದ ಒಬ್ಬ ವಯಸ್ಸಾದ ಗಂಡಸು ಗೋಡೆಗೆ ಒರಗಿದ್ದ. ಅಗ್ನಿಶಾಮಕದ ಹುಡುಗ ಅವನ ಎದೆಗೆ ಕಿವಿಯಿಟ್ಟು, ಅಲ್ಲೇ ಮಲಗಿಸಿ ಎದೆ ಒತ್ತತೊಡಗಿದ. ಅಂಬ್ಯುಲೆನ್ಸ್ ಬರುವವರೆಗೂ ಒತ್ತಿದ, ಆಸ್ಪತ್ರೆಯಲ್ಲಿ ಬೇರೆಯವರು ಒತ್ತಿದರು. ಐದೂ ಕಾಲಿಗೆ ನಿಲ್ಲಿಸಿದರು.

ಒಳಗಿದ್ದ ಇಬ್ಬರು ಯಾರೆಂದು ಕಸ್ತೂರಿಗೆ ಆಸ್ಪತ್ರೆಯಲ್ಲೇ ತಿಳಿಯಿತು. ತೀರಿಹೋದವರು ಗೋದಾಮಿನ ಉಸ್ತುವಾರಿ ಹಜರತ್‌ಅಲಿ ಬಾರಿಗಿಡದ, ಐವತ್ತೆಂಟು ವರ್ಷ. ಉಳಿದವಳು ಪೆಟ್ಟಿಗೆ ಎಣಿಸುವ ಯಲ್ಲವ್ವ ದೊಡಮನಿ. ಸೋಮವಾರ ನಸುಕಿನಲ್ಲಿ ಬರುವ ಲಾರಿಗೆ ಮಾಲು ಬೇರೆ ಮಾಡಿಡಲು ಇಬ್ಬರೂ ಬಂದಿದ್ದರು. ಹತ್ತು ನಿಮಿಷದ ಕೆಲಸ ಎಂದು ಒಂದೇ ಕೋಟು ತೆಗೆದುಕೊಂಡು ಒಳಗೆ ಹೋಗಿದ್ದರು. ಹಿಂದೆ ಬಾಗಿಲು ಬಿದ್ದಿತು. ಒಳಗಿನಿಂದ ತಳ್ಳುವ ಹಿಡಿ ಹಿಮಗಟ್ಟಿ ಕೈಗೆ ಮುರಿದು ಬಂತು.

ಮರುದಿನ ಯಲ್ಲವ್ವ ಪೊಲೀಸರಿಗೆ ಹೇಳಿಕೆ ಕೊಡುವಾಗ ಕಸ್ತೂರಿ ಹಾಸಿಗೆಯ ಕಾಲ ಬಳಿ ನಿಂತಿದ್ದಳು. ಯಲ್ಲವ್ವನ ಎರಡೂ ಕೈಗೆ ಬಟ್ಟೆ ಸುತ್ತಿದ್ದರು, ನಾಲ್ಕು ಬೆರಳು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಕೋಟನ್ನು ಮೊದಲು ಪಾಳಿಯ ಮೇಲೆ ಹಾಕಿಕೊಂಡೆವು, ಆಮೇಲೆ ಸಾಹೇಬರು ತಿರುಗಿ ತಗೊಳ್ಳಲಿಲ್ಲ ಎಂದು ಅವಳು ಹೇಳಿದಳು. ನನ್ನ ಕೈ ಮೂರು ಗಂಟೆಗೇ ಸತ್ತುಹೋಗಿದ್ದವು, ಆಮೇಲೆ ಒತ್ತಿದ್ದೆಲ್ಲ ಅವರೇ, ಬೆರಳು ಏಳದಾದಾಗ ಮೊಣಕೈಯಿಂದ ಒತ್ತುತ್ತಿದ್ದರು ಎಂದಳು.

“ಒತ್ತಿದಾಗೊಮ್ಮೆ ಒಬ್ಬಾಕಿ ಅಕ್ಕ ಮಾತಾಡ್ತಿದ್ಲ್ರೀ,” ಎಂದು ಯಲ್ಲವ್ವ ನಿಧಾನವಾಗಿ ಹೇಳಿದಳು. “ನಾವ್ ಅದೀವಿ ಅಂತಿದ್ಲು. ನಮ್ಮ ಮನಿಯಾಕೀನ ಅಂದಂಗ ಅಂತಿದ್ಲು. ಅದಕ್ಕ ಸಾಹೇಬ್ರು, ಹೊಂಟಾರವ್ವಾ, ಇನ್ನೊಮ್ಮಿ ಒತ್ತೂಣು ಅಂತಿದ್ರು. ಅಕೀ ಮಾತು ಕೇಳಿರಲಿಲ್ಲಂದ್ರ ಬಾಗಲದ ಸಂದ್ಯಾಗ ಏನರ ಹಾಕಿ ಕೀಳತಿದ್ವಿ. ಪೆಟಗಿ ಕಟ್ಟು ಕಬ್ಬಿಣದ ಪಟ್ಟಿ ಇದ್ವು ಒಳಗ.”

ಅವಳು ಕಸ್ತೂರಿಯ ಕಡೆ ತಿರುಗಿ, ಬಾಗಿಲು ತೆಗೆಸಿದವರು ನೀವೇ ಅಂತಲ್ಲ ಬಾಯಾರ, ನಿಮಗೆ ಪುಣ್ಯ ಬರಲಿ ಎಂದಳು. ಕಸ್ತೂರಿ ಬಾಯಿ ತೆರೆಯಲಿಲ್ಲ. ತೆರೆದರೆ ಅದೇ ದನಿ ಹೊರಡುತ್ತಿತ್ತು. ತಲೆಯಾಡಿಸಿ, ಅವಳ ಹೊದಿಕೆಯ ಅಂಚನ್ನು ಸುಮ್ಮನೆ ಸರಿಮಾಡಿ ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಳು. ಅಲ್ಲೇ ಮೊಬೈಲಿನಲ್ಲಿ ಪಟ್ಟಿ ತೆರೆದಳು. ಒಟ್ಟು ನೂರ ನಲವತ್ಮೂರು ಸಲ. ಕೊನೆಯ ಒತ್ತು ಮೂರು ಇಪ್ಪತ್ತೊಂಬತ್ತಕ್ಕೆ.

ಗಾಜು ಒಡೆದು ಅಗುಳಿ ಬಿದ್ದು ಎರಡು ನಿಮಿಷವಾದ ಮೇಲೆ.

ಮನೆಗೆ ಬಂದರೆ ಗೌರವ್ವ ಗುಂಡಿ ಒತ್ತುತ್ತಿದ್ದಳು. ಕೊರಳ ಡಬ್ಬಿಯಿಂದ ಕಸ್ತೂರಿಯ ದನಿ ಬಂತು, ಗಾಬರಿ ಆಗಬ್ಯಾಡ್ರಿ ಎಂದಿತು. ಕಸ್ತೂರಿ ಹೋಗಿ ದಾರವನ್ನು ತಾಯಿಯ ತಲೆಯ ಮೇಲಿಂದ ತೆಗೆದಳು. ಮುದುಕಿಯ ಕೈ ಎದೆಯ ಮೇಲೆ ತಡಕಾಡಿತು, ಕೊರಳು ತಡಕಾಡಿತು, ಹಾಸಿಗೆ ತಡಕಾಡಿತು. ಒಂದು ಗಂಟೆ ಹೊತ್ತು ಹಾಗೆಯೇ ತಡಕಾಡಿತು. ಕಡೆಗೆ ಕಸ್ತೂರಿ ತನ್ನ ಕೈಯನ್ನೇ ಅವಳ ಕೈಗೆ ಕೊಟ್ಟಳು. ಗೌರವ್ವ ಅವಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತತೊಡಗಿದಳು. ಪ್ರತಿ ಸಲವೂ ಕಸ್ತೂರಿ “ಅದೀನಿ ಯವ್ವಾ” ಎಂದಳು. ಆ ವಾರವೆಲ್ಲ ಅವಳು ರಜೆ ಹಾಕಿ ಅದನ್ನೇ ಮಾಡಿದಳು, ಹಜರತ್‌ಅಲಿಯವರ ಮಣ್ಣಿಗೆ ಹೋಗುವ ಧೈರ್ಯವಾಗಲಿಲ್ಲ.

ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಯಂತ್ರ ಕೈಬಿಟ್ಟ ಜೀವ ಉಳಿಸಿದ ಮಹಿಳೆ ಎಂದು ಬರೆದಿದ್ದರು. ಗುರುತಿಲ್ಲದವರು ಫೋನು ಮಾಡಿ ಹೊಗಳಿದರು. ಆ ನಿಯಮವನ್ನು ಎಲ್ಲ ಕಡೆ ಹಚ್ಚಿದ್ದು ಯಂತ್ರ, ಯಂತ್ರ ತಾನೇ ಕಲಿತದ್ದಕ್ಕೆ ಕಾನೂನಿನಲ್ಲಿ ಯಾರೂ ಹೊಣೆಯಲ್ಲ ಎಂದು ಕೇಂದ್ರದ ವಕೀಲರು ಹೇಳಿದರು. ತನಿಖೆಯವರು ಅವಳನ್ನು ಅರ್ಧ ಗಂಟೆ ಪ್ರಶ್ನಿಸಿದರು. ಆರನೇ ಒತ್ತಿನ ಬಗ್ಗೆ ಕೇಳಿದರು, ನಲವತ್ತೊಂದನೇ ಪುಟದ ಬಗ್ಗೆ ಕೇಳಿದರು, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಗುಳಿಯ ಬಗ್ಗೆ ಯಾರೂ ಕೇಳಲಿಲ್ಲ. ಬಾಗಿಲು ಮೊದಲಿನಿಂದಲೂ ಬಿಗಿದುಕೊಂಡಿತ್ತು ಎಂದೇ ಎಲ್ಲರೂ ತಿಳಿದಿದ್ದರು. ಸಾವು ಮೂರರಿಂದ ಮೂರು ಮೂವತ್ತೆಂಟರ ನಡುವೆ ಎಂದು ಡಾಕ್ಟರು ಬರೆದಿದ್ದರು. ಹೊರಗೆ ಬಂದಾಗ ಕಟ್ಟಿಯವರು ಅವಳ ಪಕ್ಕದಲ್ಲಿ ಸ್ವಲ್ಪ ದೂರ ನಡೆದರು. ಅವರಿಗೆ ಅಗುಳಿಯ ಕೊಂಡಿ ಗೊತ್ತಿತ್ತು. ಕೇಳದ್ದನ್ನು ಹೇಳಿ ಯಾರಿಗೆ ಏನು ಸಿಗುತ್ತದೆ, ಹೋದವರು ಹೋದರು, ನಿಮಗೂ ಒಬ್ಬ ತಾಯಿ ಇದ್ದಾಳೆ ಎಂದರು. ಅವರೂ ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಿದವರಂತೆ ಕಾಣುತ್ತಿರಲಿಲ್ಲ.

ಹದಿನೇಳನೇ ದಿನ ಬೆಳಗಿನ ಹತ್ತು ಗಂಟೆಗೆ ಕಸ್ತೂರಿ ಹಳೇ ಹುಬ್ಬಳ್ಳಿಯ ಆ ಓಣಿ ಹುಡುಕಿಕೊಂಡು ಹೋದಳು. ಹಜರತ್‌ಅಲಿಯವರ ಹೆಂಡತಿ ಖೈರುನ್ನಿಸಾ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದರು. ಪತ್ರಿಕೆಯ ಫೋಟೋದಿಂದ ಗುರುತು ಹಿಡಿದು, ಎದ್ದು ಬಂದು ಅವಳ ಕೈ ಹಿಡಿದುಕೊಂಡರು. ಚಾಪೆ ಹಾಸಿದರು, ನೀರು ಕೊಟ್ಟರು. ನೀವಾದರೂ ಓಡಿ ಬಂದಿರಲ್ಲ ತಂಗಿ, ಯಲ್ಲವ್ವನ ಮಕ್ಕಳಿಗೆ ತಾಯಿ ಉಳಿದಳಲ್ಲ ಎಂದರು. ಕಸ್ತೂರಿ ನೀರಿನ ಲೋಟ ಕೆಳಗಿಟ್ಟಳು. ಕುಡಿದರೆ ಹೇಳಲು ಆಗುವುದಿಲ್ಲ ಎನ್ನಿಸಿತು.

ಅವಳು ಮೊದಲಿನಿಂದ ಹೇಳಿದಳು. ತಾಯಿಯ ಗುಂಡಿ, ತನ್ನ ದನಿ, ಓದದೆ ಹಾಕಿದ ಸಹಿ, ಇಟ್ಟಿಗೆ. ಆಮೇಲೆ ಅಗುಳಿ ಬಿದ್ದದ್ದು. ಹೊರಗಿನ ಹಿಡಿಕೆ ಅಲ್ಲಿಯವರೆಗೆ ಸಡಿಲವೇ ಇತ್ತು ಎಂಬುದು. ನಿಮ್ಮ ಯಜಮಾನರು ಕೊನೆಯ ಸಲ ಒತ್ತಿದ್ದು ಅದಾದ ಮೇಲೆ ಎಂಬುದು. ಕಚೇರಿಯ ಬಾಗಿಲ ಬೀಗದ ಸಂಖ್ಯೆ ಕೇಳಿ ತಿಳಿದುಕೊಂಡು ಒಳಗೆ ಹೋಗಿದ್ದರೆ, ಗಾಜು ಮುಟ್ಟದೇ ಇದ್ದಿದ್ದರೆ, ಅವರು ಜೀವಂತ ಇರುವಾಗಲೇ ಬಾಗಿಲು ತೆರೆಯುತ್ತಿತ್ತು ಎಂದಳು.

ಖೈರುನ್ನಿಸಾ ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

“ಎಷ್ಟೊತ್ತು ಆ ಬಾಗಲಾ ಮುಂದ ನಿಂತಿದ್ದಿ?”

“ಹನ್ನೊಂದು ನಿಮಿಷರೀ ಅಮ್ಮಾರ.”

“ಏನಂತ ಕೂಗಿದಿ?”

ಕಸ್ತೂರಿ ನೆನಪು ಮಾಡಿಕೊಂಡಳು. “ಒಳಗ ಯಾರದೀರಿ ಅಂತ ಕೂಗಿದೆ. ಅಷ್ಟ. ಯಾರು ಅಂತ ನನಗ ಗೊತ್ತಿರಲಿಲ್ಲ.”

ಖೈರುನ್ನಿಸಾ ಅವರ ಅಳು ಆಗ ಕಟ್ಟೆಯೊಡೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಕಸ್ತೂರಿ ಸಮಾಧಾನ ಮಾಡಲು ಕೈ ಚಾಚಲಿಲ್ಲ, ಆ ಹಕ್ಕು ತನಗಿಲ್ಲ ಎಂದು ದೂರವೇ ಕುಳಿತಳು. ಅತ್ತು ಮುಗಿದ ಮೇಲೆ ಖೈರುನ್ನಿಸಾ ಕ್ಷಮಿಸಿದ್ದೇನೆ ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಇದನ್ನು ಆ ತನಿಖೆಯವರ ಮುಂದೆ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲ, ಅವರು ಕೇಳಲಿಲ್ಲ ಎಂದಳು. ಖೈರುನ್ನಿಸಾ ಒಳಗೆ ಹೋಗಿ ಮೊಮ್ಮಗಳ ನೋಟ್‌ಬುಕ್ಕು, ಪೆನ್ನು ತಂದು ಚಾಪೆಯ ಮೇಲೆ ಇಟ್ಟರು.

“ಬರಿ. ಈಗ ನನಗ ಹೆಂಗ ಹೇಳಿದಿ ಹಂಗ ಬರಿ. ನನಗ ಓದಾಕ ಬರೂದಿಲ್ಲ, ಓದಿ ಹೇಳು.”

ಕಸ್ತೂರಿ ಬರೆದಳು. ಹಿಂದೆ ಎಷ್ಟೋ ಸಲ ಸರಪಳಿಗೆ ಹೇಳಿಕೊಟ್ಟ ಹಾಗೆ ಸಣ್ಣ ಸಣ್ಣ ವಾಕ್ಯಗಳಲ್ಲಿ, ಯಾವಾಗ ಏನಾಯಿತು, ತಾನು ಏನು ಮಾಡಿದೆ ಎಂದು ಮೂರು ಪುಟ ಬರೆದಳು. ಇದನ್ನು ತನಿಖೆಯವರಿಗೆ ಕೊಟ್ಟ ಮೇಲೆ ಕೆಲಸ ಹೋಗುತ್ತದೆ, ಪ್ರಾಯಶಃ ಕೋರ್ಟಿಗೂ ಅಲೆಯಬೇಕಾಗುತ್ತದೆ, ಅವ್ವನನ್ನು ಯಾರು ನೋಡುತ್ತಾರೋ ತಿಳಿಯದು ಎಂಬುದೆಲ್ಲ ಬರೆಯುತ್ತಿರುವಾಗಲೇ ತಲೆಯಲ್ಲಿ ಹಾಯ್ದು ಹೋಯಿತು. ಕೈ ನಿಲ್ಲಲಿಲ್ಲ. ಸಹಿ ಹಾಕಿ, ಗಟ್ಟಿಯಾಗಿ ಓದತೊಡಗಿದಳು.

ಎರಡನೇ ಪುಟದ ನಡುವೆ ‘ಒಳಗೆ ಸಿಕ್ಕಿಬಿದ್ದಿದ್ದ ನೌಕರ’ ಎಂಬಲ್ಲಿಗೆ ಬಂದಾಗ ಖೈರುನ್ನಿಸಾ ಕೈಯೆತ್ತಿ ತಡೆದರು.

“ನೌಕರ ಅನ್ನಬ್ಯಾಡ. ಹೆಸರು ಹಾಕು.”

ಕಸ್ತೂರಿ ಆ ಪದವನ್ನು ಹೊಡೆದುಹಾಕಿ, ಅದರ ಮೇಲೆ ಇದ್ದ ಸ್ವಲ್ಪ ಜಾಗದಲ್ಲಿ ಒತ್ತೊತ್ತಾಗಿ ‘ಹಜರತ್‌ಅಲಿ ಮಹಮ್ಮದಗೌಸ್ ಬಾರಿಗಿಡದ’ ಎಂದು ಬರೆದಳು. ಸರಿಯಿದೆಯೇ ಎಂದು ಓದಿ ಕೇಳಿದಳು. ಸರಿಯಿದೆ, ಮುಂದೆ ಓದು ಎಂದರು ಅವರು.